ಗೋತ್ರ ಕೇಳುವ ಪಂಕ್ತಿ, ಹೆಬ್ಬೆಟ್ಟು ಕೇಳುವ ಅಂಗಡಿ: ‘ಸಂಸ್ಕಾರ’, ‘ಗೃಹಭಂಗ’ಗಳ ಪ್ಲೇಗನ್ನು ಸನಮಡಿಯಿಂದ ಓದುವಾಗ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತಿನ ಬರಹರೂಪ)

ಧ್ವನಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೀನಿ. ನಾನು ಮಾತಾಡ್ತಿರೋದು ಸಾಂಗ್ಲಿ ಜಿಲ್ಲೆ, ಜತ್ತ ತಾಲ್ಲೂಕಿನ ಸನಮಡಿಯಿಂದ. ನಮ್ಮ ಮನೆಮಾತು ಕನ್ನಡ, ತಲಾಠಿ ಕಚೇರಿಯ ಕಾಗದ ಮರಾಠಿ.

ನನ್ನ ತಕರಾರು ಸಣ್ಣದು. ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದುವಾಗ ನಾವು ಪ್ಲೇಗನ್ನು ಸಂಕೇತ ಅಂತಲೇ ಓದಿಬಿಡ್ತೀವಿ. ಅಗ್ರಹಾರದ ಕೊಳೆತ, ಬ್ರಾಹ್ಮಣ್ಯದ ಬಿಕ್ಕಟ್ಟು, ಪ್ರಾಣೇಶಾಚಾರ್ಯರ ಒಳಗಿನ ಒಡಕು. ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕ್ಸೂ ಬರುತ್ತೆ. ಆದರೆ 2020ರ ನಂತರ ಅದೇ ಪುಸ್ತಕ ತೆಗೆದು ಕೂತರೆ ಮೊದಲು ಕಣ್ಣಿಗೆ ಬೀಳೋದು ಹಸಿವು. ಯಾರು ಹಸಿದರು, ಅನ್ನ ಹುಡುಕಿಕೊಂಡು ಎಲ್ಲಿಗೆ ನಡೆದರು, ಅಲ್ಲಿ ಬಾಗಿಲು ತೆರೆಯಿತೋ ಇಲ್ಲವೋ. ಕಾದಂಬರಿ ಇದನ್ನೆಲ್ಲ ಬಿಡಿಬಿಡಿಯಾಗಿ ಹೇಳಿದೆ. ನಾವು ಅದನ್ನು ಹಿನ್ನೆಲೆ ಅಂತ ದಾಟಿಕೊಂಡು ಹೋಗಿದ್ದೀವಿ.

ನಾರಣಪ್ಪನ ಹೆಣ ಎತ್ತುವ ತನಕ ದೂರ್ವಾಸಪುರದಲ್ಲಿ ಯಾರೂ ಉಣ್ಣುವಂತಿಲ್ಲ. ದಾಸಾಚಾರ್ಯ ಬಡವ, ಬೇರೆಯವರ ತಿಥಿ ಊಟದ ಮೇಲೆ ಬದುಕುವವನು. ಅವನು ತಡೆಯಲಾರದೆ ಪಾರಿಜಾತಪುರದ ಸ್ಮಾರ್ತ ಮಂಜಯ್ಯನ ಮನೆಗೆ ಹೋಗಿ ಉಪ್ಪಿಟ್ಟು ತಿಂತಾನೆ. ನಗು ಬರೋ ದೃಶ್ಯ, ಕ್ಲಾಸಿನಲ್ಲಿ ನಾವೂ ನಕ್ಕಿದ್ದೀವಿ. ಆದರೆ ಗಮನಿಸಿ, ದಾಸಾಚಾರ್ಯನಿಗೆ ನಡೆದು ಹೋಗೋಕೆ ಒಂದು ಊರಿದೆ. ಉಳಿದ ಬ್ರಾಹ್ಮಣರಿಗೂ ಕೈಮರ ಇದೆ, ಮಠ ಇದೆ. ಚಂದ್ರಿಗೆ ಅದ್ಯಾವುದೂ ಇಲ್ಲ. ಅವಳ ಸೆರಗಿನಲ್ಲಿ ಇರೋದು ಬಾಳೆಹಣ್ಣು. ಹೆಣ ಸುಡೋಕೆ ಕೊನೆಗೆ ನೆರವಿಗೆ ಬರೋದು ಮೀನು ವ್ಯಾಪಾರಿ ಅಹ್ಮದ್ ಬ್ಯಾರಿ. ಇನ್ನು ಹೊಲೆಗೇರಿ. ಅಲ್ಲಿ ಗುಡಿಸಲಿನೊಳಗೆ ಸತ್ತವರನ್ನು ಗುಡಿಸಲಿನ ಸಮೇತ ಸುಡ್ತಾರೆ, ಆ ಸುದ್ದಿ ಅಗ್ರಹಾರದವರ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತೆ. ಕಾದಂಬರಿಯೂ ಅದನ್ನು ಕೆಲವೇ ಸಾಲಿನಲ್ಲಿ ಮುಗಿಸಿ ಆಚಾರ್ಯರ ಹಿಂದೆ ಹೊರಟುಬಿಡುತ್ತೆ. ಇದನ್ನು ಕೃತಿಯ ಮಿತಿ ಅಂತ ಹೇಳೋಕೆ ನನಗೆ ಸಂಕೋಚವಿಲ್ಲ. ಅಗ್ರಹಾರ ನೋಡದೇ ಇದ್ದದ್ದನ್ನು ಕಾದಂಬರಿ ನೋಡಿದೆ, ಸರಿ. ಆದರೆ ಹಿಂಬಾಲಿಸಿಲ್ಲ.

ಮೇಳಿಗೆಯ ಜಾತ್ರೆಯ ಭಾಗ ನನಗೆ ಮುಖ್ಯ. ದೇವಸ್ಥಾನದ ಊಟದ ಪಂಕ್ತಿಗಿಂತ ‘ಸಾರ್ವಜನಿಕ’ ಜಾಗ ಇನ್ನೊಂದಿಲ್ಲ ಅಂತ ನಾವು ತಿಳಿದಿರ್ತೀವಿ. ಪ್ರಾಣೇಶಾಚಾರ್ಯರು ಸೂತಕದಲ್ಲೇ ಅಲ್ಲಿ ಕೂತಾಗ ಪಕ್ಕದವನು ಊರು, ಗೋತ್ರ ವಿಚಾರಿಸ್ತಾನೆ. ಆಮೇಲೆ ಗುರುತು ಸಿಕ್ಕಿಬಿಡುತ್ತೆ, ಆಚಾರ್ಯರು ಎದ್ದು ಓಡ್ತಾರೆ. ಅಂದರೆ ಆ ಪಂಕ್ತಿಯೂ ಗುರುತಿನ ಚೀಟಿ ಕೇಳ್ತಾ ಇದೆ.

ಭೈರಪ್ಪನವರ ‘ಗೃಹಭಂಗ’ದಲ್ಲಿ (1970) ಪ್ಲೇಗು ಸಂಕೇತವೇ ಅಲ್ಲ, ಸಂಸಾರದ ಲೆಕ್ಕ. ಇಲಿ ಬಿದ್ದ ಕೂಡಲೇ ಊರು ಬಿಡೋದು, ಹೊರಗೆ ಗುಡಿಸಲು ಹಾಕಿಕೊಳ್ಳೋದು, ಮಕ್ಕಳು ಸತ್ತ ಮೇಲೂ ಒಲೆ ಹಚ್ಚಬೇಕಾಗೋದು. ಊರಾಚೆಯ ಬಯಲು ಕೆಲವು ತಿಂಗಳು ಎಲ್ಲರ ಜಾಗ ಆಗುತ್ತೆ. ಇಲ್ಲಿ ನಂಜಮ್ಮನಿಗೆ ಆಸರೆ ಆಗೋದು ಗುಡಿಯಲ್ಲಿದ್ದು ಭಿಕ್ಷೆಯಿಂದ ಬದುಕುವ ಮಾದೇವಯ್ಯನವರು. ಅವರು ಗೋತ್ರ ಕೇಳೋದಿಲ್ಲ. ಅವರ ಒಳ್ಳೆಯತನ ದೊಡ್ಡದು, ಆದರೆ ಅದು ಒಬ್ಬ ಮನುಷ್ಯನ ಒಳ್ಳೆಯತನ. ಆ ಅಯ್ಯನವರು ಇಲ್ಲದ ಊರಿನಲ್ಲಿ ಇನ್ನೊಬ್ಬ ನಂಜಮ್ಮ ಏನು ಮಾಡಬೇಕು ಅನ್ನೋ ಪ್ರಶ್ನೆಗೆ ಭೈರಪ್ಪನವರ ಲೋಕದಲ್ಲಿ ಜಾಗವಿಲ್ಲ.

ಈಗ ನಮ್ಮ ತಾಲ್ಲೂಕಿಗೆ ಬರ್ತೀನಿ. ಜತ್ತ ಬರದ ಸೀಮೆ. ದಸರಾ ದೀಪಾವಳಿ ಮುಗಿದರೆ ಎಷ್ಟೋ ಕುಟುಂಬಗಳು ಕಬ್ಬು ಕಡಿಯೋಕೆ ಗ್ಯಾಂಗ್ ಕಟ್ಟಿಕೊಂಡು ಕಾರ್ಖಾನೆಗಳ ಕಡೆ ಹೋಗ್ತಾವೆ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಆದಾಗ ಮಹಾರಾಷ್ಟ್ರದ ಕಬ್ಬಿನ ಕಾರ್ಮಿಕರು ಹೊಲದ ಪಕ್ಕದ ಗುಡಿಸಲುಗಳಲ್ಲೇ ಸಿಕ್ಕಿಕೊಂಡರು. ಸರ್ಕಾರ ಅವರನ್ನು ಊರಿಗೆ ಬಿಟ್ಟಿದ್ದು ಏಪ್ರಿಲ್ ಮಧ್ಯದ ಮೇಲೆ. ‘ಗೃಹಭಂಗ’ದವರು ಊರು ಬಿಟ್ಟು ಗುಡಿಸಲಿಗೆ ಹೋದರು, ಇವರಿಗೆ ಗುಡಿಸಲು ಬಿಟ್ಟು ಊರಿಗೆ ಬರಲಾಗಲಿಲ್ಲ. ಇವರನ್ನು ತಡೆದ ಲಾಕ್‌ಡೌನಿನ ಹಿಂದೆ ಪ್ಲೇಗಿನ ಕಾಲದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಇತ್ತು!

ಆಗ ಅನ್ನ ಎಲ್ಲಿತ್ತು? ರೇಷನ್ ಅಂಗಡಿಯಲ್ಲಿ. ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಅನ್ನ ಯೋಜನೆಯಲ್ಲಿ ತಲಾ 5 ಕಿಲೋ ಧಾನ್ಯ ಪುಕ್ಕಟೆ. ಅದು ಬದುಕಿಸಿತು, ಅನುಮಾನ ಬೇಡ. ಆದರೆ ಅದಕ್ಕೆ ಕಾರ್ಡು ಬೇಕು. ಕಾರ್ಡಿಲ್ಲದ ವಲಸಿಗರಿಗೂ ಎರಡು ತಿಂಗಳು ಕೊಡ್ತೀವಿ ಅಂತ ಕೇಂದ್ರ ಹೇಳಿದ್ದು ಮೇ 14ಕ್ಕೆ. ಕಾರ್ಡು ಕೇಳದೆ ತಾಟು ಕೊಡುತ್ತಿದ್ದ ಶಿವಭೋಜನ ಕೇಂದ್ರಗಳ ದರ 10 ರೂಪಾಯಿಯಿಂದ 5ಕ್ಕೆ ಇಳೀತು, ತಾಲ್ಲೂಕಿನ ತನಕ ಬಂತು. ಬಸ್ಸೇ ಇಲ್ಲದಾಗ ಹಳ್ಳಿಯ ಮುದುಕಿ ತಾಲ್ಲೂಕಿಗೆ ಹೋಗೋದು ಹೇಗೆ? ಶಾಲೆಯ ಬಿಸಿಯೂಟ ನಿಂತು ಅಕ್ಕಿ ಬೇಳೆ ಹಂಚೋದು ಶುರುವಾಯ್ತು. ಗ್ಯಾಂಗಿನ ಜೊತೆ ಹೋದ ಮಗುವಿನ ಹೆಸರು ಊರಿನ ಹಾಜರಿಯಲ್ಲಿ, ಹೊಟ್ಟೆ ಕಾರ್ಖಾನೆಯ ಹತ್ತಿರ.

ಮಹಾರಾಷ್ಟ್ರದಲ್ಲಿ ಗುಡಿಗಳು ಮುಚ್ಚಿದ್ದು ಮಾರ್ಚಿನಲ್ಲಿ, ತೆರೆದಿದ್ದು ನವೆಂಬರ್ 16ಕ್ಕೆ. ಸೋಂಕಿನ ದೃಷ್ಟಿಯಿಂದ ಸರಿಯೇ ಇರಬಹುದು. ಆದರೆ ನಮ್ಮ ತಾಲ್ಲೂಕಿನ ಗುಡ್ಡಾಪುರ ದಾನಮ್ಮದೇವಿಯ ಊರು. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮನಿಗೆ ದಾನಮ್ಮ ಅನ್ನೋ ಹೆಸರು ಬಂದದ್ದೇ ದಾನ, ದಾಸೋಹದಿಂದ ಅಂತ ಈ ಸೀಮೆಯ ನಂಬಿಕೆ. ದರ್ಶನ ನಿಲ್ಲಿಸಿ, ಅಂಗಳದಲ್ಲಿ ಅಂತರ ಬಿಟ್ಟು ದಾಸೋಹದ ಒಲೆ ಮಾತ್ರ ಉರಿಸಬಹುದಿತ್ತಲ್ಲ ಅಂತ ನನ್ನ ವಾದ. ಗರ್ಭಗುಡಿಗೂ ಅಂಗಳಕ್ಕೂ ಒಂದೇ ಬೀಗ ಹಾಕಿದ್ದರಲ್ಲಿ, ಗುಡಿ ಅಂದರೆ ಪೂಜೆ ಮಾತ್ರ ಅನ್ನೋ ತಿಳುವಳಿಕೆ ಇದೆ. ವಿಚಿತ್ರ ಅಂದರೆ ‘ಸಂಸ್ಕಾರ’ವನ್ನು ಧರ್ಮದ ಬಿಕ್ಕಟ್ಟು ಅಂತ ಮಾತ್ರ ಓದೋ ನಮ್ಮ ವಿಮರ್ಶೆಯದೂ ಇದೇ ತಿಳುವಳಿಕೆ.

ಸಂವಾದ

ಪ್ರಶ್ನೆ (ಅಧ್ಯಾಪಕರೊಬ್ಬರಿಂದ): ನಿಮ್ಮ ಓದು ಕಾದಂಬರಿಯನ್ನು ರೇಷನ್ ವರದಿ ಮಾಡಿಬಿಡ್ತದಲ್ಲ? ಪ್ರಾಣೇಶಾಚಾರ್ಯರ ತೊಳಲಾಟ ಏನಾಯ್ತು?

ಉತ್ತರ: ಸರ್, ಆ ತೊಳಲಾಟ ಹಾಗೇ ಇರ್ತದ್ರಿ. ಆದರೆ ಆಚಾರ್ಯರು ತೊಳಲಾಡ್ತಾ ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕೆ ಕಾಯೋ ದಿನ ಅಗ್ರಹಾರ ಉಪವಾಸ ಇದೆ. ದೇವರು ಯಾಕೆ ಉತ್ತರ ಕೊಡಲಿಲ್ಲ ಅಂತ ನೂರು ಲೇಖನ ಬರೆಯಬಹುದು. ನಾನು ಕೇಳೋದು, ಆ ಗುಡಿಯ ಕಟ್ಟೆಯ ಮೇಲೆ ಕೇರಿಯಿಂದ ಬಂದು ಕೂರೋಕೆ ಆಗ್ತಿತ್ತಾ ಅಂತ. ಇದೂ ಕೃತಿಯ ಒಳಗಿನ ಪ್ರಶ್ನೆಯೇ ಸರ್, ನಾನು ಹೊರಗಿಂದ ತಂದದ್ದಲ್ಲ.