ಲೋಕಾಯತದ ಶೋಧನೆ: ದೇವೀಪ್ರಸಾದ ಚಟ್ಟೋಪಾಧ್ಯಾಯರ ದರ್ಶನವಿಚಾರ

ಚಾರ್ವಾಕಮತವೆಂದೂ ಕರೆಯಲ್ಪಡುವ ಭೌತವಾದೀ ಲೋಕಾಯತಮತದ ವಿಷಯದಲ್ಲಿ ಸೋತವರ ಮಾತನ್ನು ಗೆದ್ದವರ ಬಾಯಿಂದಲೇ ಕೇಳಬೇಕಾದ ದುರವಸ್ಥೆ ನಮ್ಮದು. ಬೃಹಸ್ಪತಿಯವೆಂದು ಪ್ರಸಿದ್ಧವಾದ ಸೂತ್ರಗಳು ಲುಪ್ತವಾಗಿ, ವಿಜಯನಗರದ ಕಾಲದಲ್ಲಿ ಮಾಧವಾಚಾರ್ಯರ ಹೆಸರಿನಿಂದ ರಚಿತವಾದ ‘ಸರ್ವದರ್ಶನಸಂಗ್ರಹ’ದ ಪ್ರಥಮಾಧ್ಯಾಯದಂತಹ ಪೂರ್ವಪಕ್ಷಗಳು ಮಾತ್ರ ಉಳಿದಿವೆ. ಖಂಡನೆಗಾಗಿಯೇ ನಿರೂಪಿತವಾದ ಈ ಸಾಕ್ಷ್ಯವನ್ನು ಸಮಾಜಚರಿತ್ರೆಯ ಬೆಳಕಿನಲ್ಲಿಟ್ಟು ಪರೀಕ್ಷಿಸಲು ತಮ್ಮ ಆಯುಷ್ಯವನ್ನೇ ವ್ಯಯಿಸಿದ ಮಾರ್ಕ್ಸ್‌ವಾದೀ ದಾರ್ಶನಿಕರು ದೇವೀಪ್ರಸಾದ ಚಟ್ಟೋಪಾಧ್ಯಾಯರು.

1918ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಅವರು ಸುರೇಂದ್ರನಾಥ ದಾಸಗುಪ್ತ ಮತ್ತು ರಾಧಾಕೃಷ್ಣನ್ ಅವರಂತಹ ಆಚಾರ್ಯರಲ್ಲಿ ಅಧ್ಯಯನಮಾಡಿದವರು. ಆದರೆ ವೇದಾಂತವನ್ನೇ ಭಾರತೀಯ ಚಿಂತನೆಯ ಶಿಖರವೆಂದು ಗಣಿಸುವ ದೃಷ್ಟಿಯನ್ನು ಅವರು ಸ್ವೀಕರಿಸಲಿಲ್ಲ. 1959ರಲ್ಲಿ ಪ್ರಕಟವಾದ ‘ಲೋಕಾಯತ’ವು ಛಾಂದೋಗ್ಯೋಪನಿಷತ್ತಿನಲ್ಲಿ ಅನ್ನಕ್ಕಾಗಿ ಸಾಮಗಾನ ಮಾಡುವ ಶ್ವಾನಗಳ ಪ್ರಸಂಗವನ್ನು ಪರಿಹಾಸವೆಂದು ಬಗೆಯದೆ, ಗಣಸಮಾಜದ ಜೀವಂತ ಸ್ಮೃತಿಯೆಂದು ಓದಿತು. ಬಂಗಾಳದ ದುರ್ಗಾಪೂಜೆಯಲ್ಲಿ ಪೂಜಿತವಾಗುವ ನವಪತ್ರಿಕೆಯಲ್ಲಿ ಕೃಷಿಯ ಪುರಾತನ ವಿಧಿಯನ್ನೂ, ವಿಘ್ನಕರ್ತನಾಗಿದ್ದ ಗಣಪತಿ ಸಿದ್ಧಿದಾಯಕನಾದುದರಲ್ಲಿ ಸಮಾಜದ ಸ್ಥಿತ್ಯಂತರವನ್ನೂ ಆ ಗ್ರಂಥ ಗುರುತಿಸಿತು. ಪಂಡಿತರು ಕ್ಷುದ್ರವೆಂದು ಬದಿಗಿರಿಸಿದ್ದ ಆಚಾರಗಳಲ್ಲಿ ದುಡಿಯುವ ಜನರ ಲೋಕದೃಷ್ಟಿಯನ್ನು ಅರಸಿದ ಈ ಪುಟಗಳನ್ನು ಇಂದಿಗೂ ಉತ್ಸಾಹದಿಂದ ಓದಬಹುದು.

ಆದರೆ ಗ್ರಂಥಗಳು ಮೌನವಾಗಿರುವೆಡೆಯಲ್ಲೆಲ್ಲ ಎಂಗೆಲ್ಸ್, ಮಾರ್ಗನ್, ಜಾರ್ಜ್ ಥಾಮ್ಸನ್ ಇವರಿಂದ ಪಡೆದ ಸಮಾಜವಿಕಾಸದ ಸೂತ್ರವೇ ಮಾತನಾಡತೊಡಗುವುದು ಈ ಕೃತಿಯ ದೌರ್ಬಲ್ಯ. ಸಾಂಖ್ಯದ ಪ್ರಕೃತಿ ಕ್ರಿಯಾಶೀಲೆ, ಪುರುಷ ಉದಾಸೀನ. ಇದು ಮಾತೃಪ್ರಧಾನ ಸಮಾಜದ ಪ್ರತಿಬಿಂಬವೆಂಬ ಚಟ್ಟೋಪಾಧ್ಯಾಯರ ವಾದ ಆಕರ್ಷಕವೇ ಸರಿ, ಆದರೆ ಸಾಂಖ್ಯಕಾರಿಕೆಯಲ್ಲಿ ಅದಕ್ಕೆ ನೇರವಾದ ಆಧಾರವಿಲ್ಲ. ಇನ್ನೂ ಗಂಭೀರವಾದ ಸಂಗತಿಯೊಂದುಂಟು. 1940ರಲ್ಲಿ ಬರೋಡೆಯಿಂದ ಮುದ್ರಿತವಾದ ಜಯರಾಶಿಭಟ್ಟನ ‘ತತ್ತ್ವೋಪಪ್ಲವಸಿಂಹ’ವನ್ನು ಅನೇಕರು ಚಾರ್ವಾಕಪರಂಪರೆಯ ಉಪಲಬ್ಧ ಗ್ರಂಥವೆಂದೆಣಿಸಿದರೆ, ಪ್ರತ್ಯಕ್ಷಪ್ರಮಾಣವನ್ನೂ ನಿರಾಕರಿಸುವ ಆ ಸಂಶಯವಾದಿಯನ್ನು ಚಟ್ಟೋಪಾಧ್ಯಾಯರು ಭೌತವಾದಿಗಳ ಪಂಕ್ತಿಗೆ ಸೇರಿಸಲೊಪ್ಪಲಿಲ್ಲ. ಅವರ ಕಾರಣಗಳು ಉಪೇಕ್ಷಣೀಯವಲ್ಲ. ಆದರೂ ಜನಸಾಮಾನ್ಯರ ಸರಳ ಲೋಕನಿಷ್ಠೆಯೇ ಭೌತವಾದವೆಂಬ ಪೂರ್ವನಿಶ್ಚಯವು, ಅದೇ ಪರಂಪರೆಯಲ್ಲಿ ಅತಿಸೂಕ್ಷ್ಮ ತಾರ್ಕಿಕರೂ ಇದ್ದಿರಬಹುದೆಂಬ ಸಾಧ್ಯತೆಯನ್ನು ಮರೆಮಾಡಿತೆಂದೇ ನನ್ನ ಭಾವನೆ.

ನನ್ನ ಮಟ್ಟಿಗೆ ಅವರ ಶ್ರೇಷ್ಠ ಕೃತಿ ‘ಲೋಕಾಯತ’ವಲ್ಲ, 1977ರಲ್ಲಿ ಬಂದ, ಪ್ರಾಚೀನ ಭಾರತದ ವಿಜ್ಞಾನವನ್ನೂ ಸಮಾಜವನ್ನೂ ಕುರಿತ ಗ್ರಂಥ. ಇಲ್ಲಿ ಊಹೆಗೆ ಆಶ್ರಯವಾಗಿ ಚರಕಸಂಹಿತೆಯೆಂಬ ದೃಢವಾದ ಪಠ್ಯವಿದೆ. ದೈವವ್ಯಪಾಶ್ರಯ ಚಿಕಿತ್ಸೆಗಿಂತ ಭಿನ್ನವಾಗಿ ಯುಕ್ತಿವ್ಯಪಾಶ್ರಯ ಚಿಕಿತ್ಸೆಯನ್ನು ಪ್ರತಿಪಾದಿಸಿ, ರೋಗಿಗೆ ಹಿತವಾದರೆ ಗೋಮಾಂಸವನ್ನೂ ವಿಧಿಸಲು ಹಿಂಜರಿಯದ ವೈದ್ಯರನ್ನು ತೈತ್ತಿರೀಯಸಂಹಿತೆಯೂ ಮನುಸ್ಮೃತಿಯೂ ಅಶುಚಿಗಳೆಂದು ದೂರವಿಟ್ಟುದೇಕೆಂಬ ಪ್ರಶ್ನೆಯನ್ನೆತ್ತಿ, ಪ್ರತ್ಯಕ್ಷದ ಮೇಲೆ ನಿಂತ ವಿದ್ಯೆಗೂ ವರ್ಣವ್ಯವಸ್ಥೆಗೂ ಇದ್ದ ವಿರೋಧವನ್ನು ಅವರು ತೋರಿಸುತ್ತಾರೆ. ಚರಕಸಂಹಿತೆಯಲ್ಲಿನ ಗೋಬ್ರಾಹ್ಮಣಸ್ತುತಿಗಳು ಶಾಸ್ತ್ರಕಾರರ ಕೋಪದಿಂದ ಪಾರಾಗಲು ಸೇರಿಸಲ್ಪಟ್ಟುವೆಂಬ ಅವರ ಅಭಿಪ್ರಾಯದಲ್ಲಿ ಯುಕ್ತಿಯುಕ್ತವಾದುದೆಲ್ಲ ಮೂಲ, ಉಳಿದುದು ಪ್ರಕ್ಷಿಪ್ತವೆಂಬ ಅಪಾಯಕರ ಸೌಲಭ್ಯವಿರುವುದು ನಿಜ. ಆದರೆ ದಾಸಗುಪ್ತರು ತಮ್ಮ ಬೃಹದ್ಗ್ರಂಥದಲ್ಲಿ ಆಯುರ್ವೇದದ ತತ್ತ್ವಗಳನ್ನು ವಿಸ್ತಾರವಾಗಿ ವರ್ಣಿಸಿದ್ದರು; ಆ ತತ್ತ್ವಗಳನ್ನು ರೂಪಿಸಿದವನಿಗೆ ಯಜ್ಞಶಾಲೆಯ ಬಾಗಿಲು ಏಕೆ ಮುಚ್ಚಿತೆಂದು ಕೇಳಿದವರು ಅವರ ಶಿಷ್ಯರು.