ಸಾವಿರ ರೋಬಾಟ್‌ಗಳ ಹಿಂದಿನ ಕೈ

1,024 ಪುಟ್ಟ ರೋಬಾಟ್‌ಗಳು ಮೇಜಿನ ಮೇಲೆ ತೆವಳಿ ನಕ್ಷತ್ರಮೀನಿನ ಆಕಾರ ತಳೆಯುವ ಚಲನಚಿತ್ರವನ್ನು ನೀವು ನೋಡಿರಬಹುದು. ಹಾರ್ವರ್ಡ್‌ನ ಮೈಕೆಲ್ ರೂಬೆನ್‌ಸ್ಟೈನ್, ರಾಧಿಕಾ ನಾಗ್‌ಪಾಲ್ ಮತ್ತು ಸಂಗಡಿಗರು 2014ರ ಆಗಸ್ಟ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವದು. 'ನಾಯಕನಿಲ್ಲದೆ ತಾವಾಗಿಯೇ ಕೂಡಿಕೊಂಡವು' ಎಂದು ಅದನ್ನು ವರ್ಣಿಸುವುದು ರೂಢಿಯಾಗಿದೆ. ಆ 'ತಾವಾಗಿಯೇ' ಎಂಬ ಪದದ ಬಗ್ಗೆಯೇ ನನ್ನ ತಕರಾರು.

ಕಿಲೋಬಾಟ್ ಎಂಬ ಈ ರೋಬಾಟಿನ ವ್ಯಾಸ 33 ಮಿಲಿಮೀಟರ್. ಮೂರು ಗಟ್ಟಿ ಕಡ್ಡಿಗಾಲು, ನಡುಗಿಸಿ ಮುಂದೂಡಲು ಎರಡು ಪುಟ್ಟ ಮೋಟಾರು. ಕೆಲವೇ ಸೆಂಟಿಮೀಟರ್ ಆಚೆಯ ನೆರೆಯವುಗಳೊಡನೆ ಅವಕೆಂಪು ಬೆಳಕಿನಲ್ಲಿ ಮಾತು. ನೆರೆಯದು ಎಷ್ಟು ದೂರದಲ್ಲಿದೆ ಎಂದು ಅದಕ್ಕೆ ತಿಳಿಯುತ್ತದೆ, ಯಾವ ದಿಕ್ಕಿನಲ್ಲಿದೆ ಎಂದು ತಿಳಿಯದು! ಇಷ್ಟು ಬಡ ಸಲಕರಣೆಯಿಂದ ಗುಂಪಿನ ಅಂಚು ಹಿಡಿದು ಸಾಗುವುದು, ಮೂಲದಿಂದ ತಾನೆಷ್ಟನೆಯ ಹೆಜ್ಜೆಯಲ್ಲಿದ್ದೇನೆ ಎಂದು ಎಣಿಸುವುದು, ತನ್ನ ಸ್ಥಾನ ಲೆಕ್ಕ ಹಾಕುವುದು ಇವಿಷ್ಟನ್ನು ಸಾಧಿಸಿದ್ದಾರೆ. ನಿಧಾನವಾದ ಒಂದರ ಹಿಂದೆ ದಟ್ಟಣೆ ಆಗುತ್ತದೆ, ಆಕಾರ ಕೊಂಚ ಸೊಟ್ಟಗಾಗುತ್ತದೆ. ಆದರೂ ಸುಮಾರು 12 ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ. (ವೇಗ ಹೆಚ್ಚಿಸಿದ ಚಿತ್ರ ನೋಡಿದವರಿಗೆ ಈ ಗಂಟೆಗಳು ಕಾಣುವುದಿಲ್ಲ.) ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ನಾಲ್ಕು 'ಬೀಜ' ರೋಬಾಟ್‌ಗಳನ್ನು ಮೊದಲೇ ಮನುಷ್ಯರು ಕೈಯಾರೆ ಇಟ್ಟಿದ್ದರು. ನಿರ್ದೇಶಾಂಕಗಳ ಮೂಲಬಿಂದು ಅಲ್ಲಿಂದಲೇ. ರಚಿಸಬೇಕಾದ ಆಕಾರದ ಚಿತ್ರವೂ ಪ್ರತಿಯೊಂದು ರೋಬಾಟಿನ ಸ್ಮೃತಿಯಲ್ಲಿತ್ತು. ಸಂಶೋಧಕರು ಇದನ್ನು ಮುಚ್ಚಿಟ್ಟಿಲ್ಲ. ಕತೆ ಹೇಳಿದವರು ಬಿಟ್ಟುಬಿಟ್ಟರು. ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಗಣಕದ ತೆರೆಯ ಮೇಲೆ ಹಾರಿಸಿದ ಹಕ್ಕಿಗಳಿಗಾದರೋ ಡಿಕ್ಕಿಯಾಗದಿರು, ನೆರೆಯವರ ವೇಗಕ್ಕೆ ಹೊಂದಿಕೋ, ಗುಂಪಿನ ಬಳಿಯಿರು ಎಂಬ ಮೂರೇ ನಿಯಮ. ಹಿಂಡಿನ ಆಕಾರ ಯಾವ ಹಕ್ಕಿಯೊಳಗೂ ಇರಲಿಲ್ಲ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ವಿದ್ಯಾರ್ಥಿಗೆ ನಿಜವಾದ ಕಷ್ಟ ಎಲ್ಲಿದೆಯೆಂದೇ ತಿಳಿಯದು.

ಆ ಕಷ್ಟ ಭೌತವಿಜ್ಞಾನಿಗಳಿಗೆ ಪರಿಚಿತ. ಅಣುಗಳ ಚಲನೆಯಿಂದ ಅನಿಲದ ಒತ್ತಡವನ್ನು ಗಣಿಸಬಹುದು. ಬೇಕಾದ ಸಮೂಹವರ್ತನೆಯನ್ನು ಮುಂದಿಟ್ಟುಕೊಂಡು ಬಿಡಿಬಿಡಿ ಘಟಕ ಪಾಲಿಸಬೇಕಾದ ನಿಯಮವನ್ನು ಹುಡುಕಲು ಎಲ್ಲೆಡೆ ಸಲ್ಲುವ ವಿಧಾನವಿಲ್ಲ. ಆ ಅಂತರವನ್ನು ಇಲ್ಲಿ ತುಂಬಿದ್ದು ಮನುಷ್ಯನ ಆಲೋಚನೆ. ನಾಳೆ ಇಂಥ ಗುಂಪೊಂದು ದಾರಿ ತಪ್ಪಿದರೆ 'ತಾವಾಗಿಯೇ ಮಾಡಿದವು' ಎಂದು ಕೈತೊಳೆದುಕೊಳ್ಳಲು ನಾವೇ ಭಾಷೆ ಒದಗಿಸಿದಂತಾಗಬಾರದು.

ತರಗತಿಯಲ್ಲಿ ಈ ಚಿತ್ರ ತೋರಿಸುವ ಉಪಾಧ್ಯಾಯರು ಮೊದಲು ಆ ನಾಲ್ಕು ಬೀಜಗಳತ್ತ ಬೆರಳು ಮಾಡಲಿ. ಉಳಿದವು ಸಾಲುಗಟ್ಟಿ ಸಾಗುವಾಗಲೂ ಅವು ಇಟ್ಟಲ್ಲೇ ಇರುತ್ತವೆ.