ರುಚಿಯ ಯಾತ್ರೆಯೂ ಆಹಾರದ ಧರ್ಮವೂ

ಆಹಾರದ ವಿಷಯವನ್ನು ಧರ್ಮವಿಚಾರದಿಂದ ಬೇರ್ಪಡಿಸಿ ನೋಡುವುದು ಜೈನ ಶ್ರಾವಕನಿಗೆ ಸಾಧ್ಯವಿಲ್ಲ. ಆದುದರಿಂದ ನಮ್ಮ ಮನೆಗಳಲ್ಲಿ ಹಿರಿಯರೂ ಮಕ್ಕಳೂ ಆಸಕ್ತಿಯಿಂದ ನೋಡುವ ಅಡುಗೆ ಕಾರ್ಯಕ್ರಮಗಳನ್ನು ಕೇವಲ ಮನರಂಜನೆಯೆಂದು ಬದಿಗಿರಿಸದೆ ಪರಾಮರ್ಶಿಸುವುದು ಉಚಿತವೆಂದು ಭಾವಿಸುತ್ತೇನೆ.

1993ರಲ್ಲಿ ಝೀ ಟಿವಿಯಲ್ಲಿ ‘ಖಾನಾ ಖಜಾನಾ’ ಆರಂಭವಾದಾಗ ಬಾಣಸಿಗ ಸಂಜೀವ್ ಕಪೂರ್ ಒಲೆಯ ಮುಂದೆ ನಿಂತು ಪಾಠ ಹೇಳುವ ಉಪಾಧ್ಯಾಯರಂತಿದ್ದರು. ಅನಂತರದ ವರ್ಷಗಳಲ್ಲಿ ಅಡುಗೆಯವನು ಒಲೆಯನ್ನು ಬಿಟ್ಟು ಊರೂರಿಗೆ ಹೊರಟನು. ಕನ್ನಡದಲ್ಲಿ ಸ್ಟಾರ್ ಸುವರ್ಣ ವಾಹಿನಿಯ ‘ಬೊಂಬಾಟ್ ಭೋಜನ’ದ ಮೂಲಕ ಸಿಹಿಕಹಿ ಚಂದ್ರು ಈ ಮಾರ್ಗವನ್ನು ಮನೆಮಾತಾಗಿಸಿದರು. ಅವರು ವೃತ್ತಿಯಿಂದ ನಟರು. ಆದರೂ ಅವರ ಮಾತಿನಲ್ಲಿ ಪಾಂಡಿತ್ಯದ ಬಿಗುಮಾನವಿಲ್ಲ, ಮನೆಯ ಹಿರಿಯನೊಬ್ಬನು ಬಡಿಸುತ್ತಿರುವಂಥ ಸಲಿಗೆಯಿದೆ. ಒಂದೊಂದು ಸೀಮೆಯ ಊಟಕ್ಕೂ ಅದರದೇ ಗೌರವವಿದೆ ಎಂಬ ಅರಿವನ್ನು ಇಂಥ ಕಾರ್ಯಕ್ರಮಗಳು ಹರಡಿರುವುದು ನಿಜವಾದ ಉಪಕಾರ.

ಯಾತ್ರೆಯು ಪೂರ್ವಗ್ರಹವನ್ನೂ ಕರಗಿಸಬಲ್ಲದು. ಅಮೆರಿಕದ ಬಾಣಸಿಗ ಆಂಟನಿ ಬೋರ್ಡೇನ್ 2000ದಲ್ಲಿ ಪ್ರಕಟವಾದ ತಮ್ಮ ‘ಕಿಚನ್ ಕಾನ್ಫಿಡೆನ್ಷಿಯಲ್’ ಗ್ರಂಥದಲ್ಲಿ ಸಸ್ಯಾಹಾರಿಗಳನ್ನು ಕಟುವಾಗಿ ಹಳಿದಿದ್ದರು. ಅದೇ ವ್ಯಕ್ತಿ 2014ರಲ್ಲಿ ಸಿಎನ್‌ಎನ್ ವಾಹಿನಿಯ ‘ಪಾರ್ಟ್ಸ್ ಅನ್‌ನೋನ್’ಗಾಗಿ ಪಂಜಾಬಿಗೆ ಬಂದು ಅಮೃತಸರದಲ್ಲಿ ಸಸ್ಯಾಹಾರದ ಊಟವನ್ನುಂಡು ಮನಸಾರೆ ಮೆಚ್ಚಿಕೊಂಡರು. ವಾದದಿಂದ ಆಗದುದು ಒಂದು ತಟ್ಟೆಯ ಅನ್ನದಿಂದ ಆಯಿತು. ಆದರೆ ಇಲ್ಲಿಯೇ ಕೊರತೆಯೂ ಕಾಣುತ್ತದೆ. ಅವರು ಒಪ್ಪಿದ್ದು ರುಚಿಯನ್ನು, ಪ್ರಾಣಿದಯೆಯನ್ನಲ್ಲ. ರುಚಿಯ ಬಲದಿಂದ ಬಂದ ಒಪ್ಪಿಗೆ ಮತ್ತೊಂದು ರುಚಿ ಎದುರಾದೊಡನೆ ಕಳಚಿಹೋಗಬಹುದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನದ ಹಿರಿಮೆಯನ್ನು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ಅಳೆಯುತ್ತದೆ. ಈ ಅಳತೆಗೋಲನ್ನು ಇಂಥ ಕಾರ್ಯಕ್ರಮಗಳಿಗೆ ಹಿಡಿದು ನೋಡೋಣ. ದ್ರವ್ಯವನ್ನೂ ಅಡುಗೆಯ ವಿಧಿಯನ್ನೂ ಕ್ಯಾಮೆರಾ ಚೆನ್ನಾಗಿ ತೋರಿಸುತ್ತದೆ. ಆದರೆ ಬೆಳೆದು ಕೊಡುವವನು ಯಾರು, ಉಣ್ಣುವವನು ಯಾರು, ಉಣ್ಣದೆ ಉಳಿದವನು ಯಾರು ಎಂಬ ಪ್ರಶ್ನೆಗಳು ಒಗ್ಗರಣೆಯ ಸದ್ದಿನಲ್ಲಿ ಅಡಗಿಬಿಡುತ್ತವೆ. ನಮ್ಮ ಸೀಮೆಯನ್ನೇ ನೋಡಿ. ಹಿತಕಿದ ಬೇಳೆಯ ಸಾರು, ಬಸ್ಸಾರು, ರಾಗಿಮುದ್ದೆ ತೆರೆಯ ಮೇಲೆ ಸೊಗಸಾಗಿ ಕಾಣುತ್ತವೆ. ಜೀವನದಿಯಿಲ್ಲದ ಈ ನೆಲದಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರು ಆ ಬಟ್ಟಲಿನಲ್ಲಿದೆಯೆಂಬುದು ಕಾಣುವುದಿಲ್ಲ. ಬೆಲೆ ಕುಸಿದ ದಿನ ಚಿಂತಾಮಣಿಯ ಮಾರುಕಟ್ಟೆಗೆ ಟೊಮೆಟೊ ತಂದ ರೈತನ ಮುಖವೂ ಕಾಣುವುದಿಲ್ಲ.

ನಮ್ಮ ಮುನಿಗಳೂ ಆಹಾರಕ್ಕಾಗಿ ಸಂಚರಿಸುವವರೇ. ಹೂವನ್ನು ನೋಯಿಸದೆ ಮಧುವನ್ನು ಪಡೆಯುವ ದುಂಬಿಯಂತೆ, ಗೃಹಸ್ಥನಿಗೆ ಭಾರವಾಗದಂತೆ, ದಿನಕ್ಕೊಮ್ಮೆ, ನಿಂತು, ಕರಪಾತ್ರದಲ್ಲಿ ದಿಗಂಬರ ಮುನಿಗಳು ಆಹಾರ ಸ್ವೀಕರಿಸುತ್ತಾರೆ. ಆರು ಬಾಹ್ಯತಪಗಳಲ್ಲಿ ರಸಪರಿತ್ಯಾಗವೂ ಒಂದು. ಒಬ್ಬ ಯಾತ್ರಿಕನು ರಸವನ್ನು ಅರಸಿ ಹೋಗುತ್ತಾನೆ. ಇನ್ನೊಬ್ಬನು ರಸವನ್ನು ಬಿಡುತ್ತ ಹೋಗುತ್ತಾನೆ. ಗೃಹಸ್ಥರಾದ ನಾವು ಇವರಿಬ್ಬರ ನಡುವೆ ಇದ್ದೇವೆ. ಆದುದರಿಂದ ರುಚಿಯನ್ನು ಪೂರ್ತಿ ನಿಂದಿಸುವ ಅಧಿಕಾರ ನಮಗಿಲ್ಲ. ಅದಕ್ಕೆ ಮಿತಿಯನ್ನು ಹಾಕಿಕೊಳ್ಳುವ ಕರ್ತವ್ಯವಂತೂ ಇದೆ.

ಟೀಕೆಯ ಬೆರಳನ್ನು ನನ್ನ ಕಡೆಗೂ ತಿರುಗಿಸಬೇಕು. ಕಾಳುಬೇಳೆಯ ವ್ಯಾಪಾರದಲ್ಲಿ ಆಯುಷ್ಯ ಕಳೆದ ನಾನು ದ್ರವ್ಯವನ್ನು ಅದರ ದರದಿಂದಲೇ ಬಲ್ಲೆನಲ್ಲದೆ ಬೆಳೆದವನ ಹೆಸರಿನಿಂದ ಬಲ್ಲವನಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭದ ಊಟದ ಮೇಲ್ವಿಚಾರಣೆ ನನ್ನದಾಗಿತ್ತು. ಟಿವಿಯಲ್ಲಿ ಕಂಡಂತೆ ಬಗೆಬಗೆಯ ಭಕ್ಷ್ಯಗಳಾಗಬೇಕೆಂದು ಹಟ ಹಿಡಿದೆ. ನೀರು ಸೋಸಿತ್ತು, ಕಂದಮೂಲಗಳಿರಲಿಲ್ಲ, ಸೂರ್ಯಾಸ್ತಕ್ಕೆ ಮೊದಲೇ ಅತಿಥಿಗಳೆಲ್ಲರ ಊಟವಾಯಿತು. ನಾನು ತೃಪ್ತನಾಗಿದ್ದೆ. ರಾತ್ರಿ ಲೆಕ್ಕ ಚುಕ್ತಾ ಮಾಡಲು ಹಿಂದಿನ ಅಂಗಳಕ್ಕೆ ಹೋದಾಗ, ಪಾತ್ರೆ ತೊಳೆದು ಮುಗಿಸಿದ ಹೆಂಗಸರು ಆಗತಾನೆ ಎಲೆಯ ಮುಂದೆ ಕುಳಿತಿದ್ದರು. ನಮ್ಮ ರಾತ್ರಿಭೋಜನ ತ್ಯಾಗದ ವ್ರತವು ಅವರ ರಾತ್ರಿಭೋಜನದ ಮೇಲೆ ನಿಂತಿತ್ತು. ಕ್ಯಾಮೆರಾ ಕಾಣದುದನ್ನು ನಾನೂ ಕಂಡಿರಲಿಲ್ಲ.

ಆದುದರಿಂದ ಮಕ್ಕಳು ಇಂಥ ಕಾರ್ಯಕ್ರಮಗಳನ್ನು ನೋಡಬಾರದೆಂದು ನಾನು ಹೇಳಲಾರೆ. ಅವರೊಡನೆ ಕುಳಿತು ನೋಡೋಣ. ತೆರೆಯ ಮೇಲಿಲ್ಲದವರನ್ನು ಕುರಿತು ಅವರನ್ನು ಕೇಳೋಣ. ಬಸದಿ ಮತ್ತು ಮಂದಿರಗಳ ಟ್ರಸ್ಟುಗಳಲ್ಲಿ ನನ್ನ ವಿನಂತಿ ಇಷ್ಟೆ: ಮುಂದಿನ ಸಮಾರಂಭದಲ್ಲಿ ಎರಡು ಭಕ್ಷ್ಯಗಳನ್ನು ಕಡಿಮೆ ಮಾಡಿ, ಅಡುಗೆಯವರಿಗೂ ಪಾತ್ರೆ ತೊಳೆಯುವವರಿಗೂ ಹಗಲಿರುವಾಗಲೇ ಎಲೆ ಹಾಕಿರಿ.